ಎದೆಯ ಮೇಲಿನ ಮೂರು ಅಕ್ಷರ

ಟೀವಿಯಲ್ಲಿ ದೇಶ ದೇಶಗಳ ಓಟದ ಸ್ಪರ್ಧೆ ಬಂದರೆ ಮನೆಯವರೆಲ್ಲ ಓಡುವವರ ಕಾಲು ನೋಡುತ್ತಾರೆ. ನಾನು ಎದೆ ನೋಡುತ್ತೇನೆ. ಅಲ್ಲಿ ಮೂರು ಇಂಗ್ಲಿಷ್ ಅಕ್ಷರ ಇರುತ್ತವಲ್ಲ, ಅವನ್ನು. ಎಷ್ಟೇ ದೊಡ್ಡ ದೇಶವಿರಲಿ, ಮೂರೇ ಅಕ್ಷರದಲ್ಲಿ ಮುದುರಿಕೊಂಡು ಕೂರಬೇಕು. ಸ್ವಿಟ್ಜರ್ಲೆಂಡಿನವರಿಗೆ ಎಸ್ ಯು ಐ. ಇದೆಂಥ ಲೆಕ್ಕ ಎಂದು ಬೈದರೆ ಮೊಮ್ಮಗಳು, ‘ಅದು ಅವರದೇ ಭಾಷೆಯ ಹೆಸರಿನಿಂದ ಬಂದದ್ದು ಅಜ್ಜಿ’ ಎಂದು ತಿಳಿಸಿ ಹೇಳಿದಳು. ಇರಲಿ, ಅವರ ಹೆಸರನ್ನಾದರೂ ಅವರಿಗೇ ಕೊಟ್ಟರು. ಚಿಲಿ ಎಂಬ ದೇಶದವರ ಎದೆಯ ಮೇಲೆ ಸಿ ಎಚ್ ಐ ಕಂಡಾಗ ಮಾತ್ರ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆ ಅಕ್ಷರಗಳು ನಮ್ಮ ಚಿಂಚೋಳಿಗೂ ಚೆನ್ನಾಗಿಯೇ ಒಪ್ಪುತ್ತಿದ್ದವು. ಕೊಡುವ ಮನಸ್ಸು ಯಾರಿಗಿತ್ತು?

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದು ಕೆಲವೇ ವರ್ಷಗಳಾಗಿದ್ದವು. ನಾನು ಹತ್ತನೆಯ ಇಯತ್ತೆ. ಅವ್ವ ಚಿಂಚೋಳಿಯ ಬಸ್ ಸ್ಟ್ಯಾಂಡಿನ ಎದುರು ಖಾನಾವಳಿ ನಡೆಸುತ್ತಿದ್ದಳು. ಖಾನಾವಳಿ ಅಂದರೆ ಏನು, ಎರಡು ತಗಡು, ಒಂದು ಒಲೆ, ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಡ್ರೈವರ್ ಕಂಡಕ್ಟರರೆಲ್ಲ ಅಲ್ಲಿಯೇ ಊಟ. ಓದು ಬರಹ ಅವಳಿಗೆ ಬರುತ್ತಿರಲಿಲ್ಲ. ಆದರೆ ಯಾವ ಬಸ್ಸು ಯಾವ ಊರಿನದು ಎಂಬುದನ್ನು ಅದರ ಶಬ್ದದಿಂದಲೇ ಹೇಳುತ್ತಿದ್ದಳು.

ಒಮ್ಮೆ ಅವಳು ಜೋಳ ತರಲು ಸೇಡಂ ಬಜಾರಿಗೆ ಹೋಗಿದ್ದಳು. ಅಂಗಡಿಯವನೊಬ್ಬ, ‘ಚಿಂಚೋಳಿ? ಅಲ್ಲಿ ಮನಶ್ಯಾರೂ ಇರ್ತಾರೇನು, ಬರೇ ಅಡವಿ ಅದಲ್ಲ?’ ಎಂದು ನಕ್ಕನಂತೆ. ಜೋಳವನ್ನು ಅಲ್ಲಿಯೇ ಸುರಿದು ಖಾಲಿ ಚೀಲ ಹೊತ್ತು ಬಂದಿದ್ದಳು. ನನ್ನ ಸಿಟ್ಟು ಎಲ್ಲಿಂದ ಬಂತೆಂದು ಕೇಳುವವರಿಗೆ ಇದನ್ನು ಹೇಳುತ್ತೇನೆ.

ವಾಡಿಯಲ್ಲಿ ಐದು ಊರುಗಳ ಕ್ರೀಡಾಕೂಟ ಎಂದು ಸುದ್ದಿ ಬಂತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ನಮ್ಮ ಶಾಲೆಯಿಂದ ಎಂಟುನೂರು ಮೀಟರ್ ಓಟಕ್ಕೆ ನಾನೊಬ್ಬಳೇ. ಅಲ್ಲಿ ಗೆದ್ದ ಮೊದಲ ಮೂವರಿಗೆ ಗುಲ್ಬರ್ಗಾದಲ್ಲಿ ಜಿಲ್ಲೆಯ ಓಟ. ಹೊರಡುವ ದಿನ ಅವ್ವ ರೊಟ್ಟಿ ಕಟ್ಟಿಕೊಟ್ಟು ಹೇಳಿದಳು:

‘ಕಪ್ಪು ಗಿಪ್ಪು ನನಗ ಬ್ಯಾಡ. ಅದನ್ನ ಇಟ್ಕೊಂಡು ಏನು ಹಿಟ್ಟು ನಾದಲೇನು? ಮೈಕಿನ್ಯಾಗ ಚಿಂಚೋಳಿ ಅಂತ ಕೂಗಿಸಿ ಬಾ. ಆ ಸೇಡಂದವರ ಕಿವೀಗಿ ಬೀಳಬೇಕು.’

‘ಕೂಗಿಸ್ತೀನಿ ಬಿಡವ್ವಾ’ ಎಂದೆ. ಹದಿನಾರು ವರ್ಷದ ಬಾಯಿ, ಏನು ಬೇಕಾದರೂ ಹೇಳುತ್ತದೆ.

ಜೊತೆಗೆ ಬಂದವರು ನಮ್ಮ ಇತಿಹಾಸದ ಮಾಸ್ತರರು. ಡ್ರಿಲ್ ಮಾಸ್ತರರ ಹುದ್ದೆ ನಮ್ಮಲ್ಲಿ ಖಾಲಿಯಿತ್ತು. ಈ ಪುಣ್ಯಾತ್ಮ ಯಾರ ಮಾತಿಗೂ ಎದುರಾಡಿದವರಲ್ಲ. ತರಗತಿಯಲ್ಲಿ ಯುದ್ಧಗಳ ಪಾಠ ಹೇಳುತ್ತಿದ್ದರು, ಹೊರಗೆ ಬಸ್ಸಿನಲ್ಲಿ ತಮ್ಮ ಸೀಟಿನಲ್ಲಿ ಯಾರಾದರೂ ಕೂತರೆ ಎದ್ದೇಳಿ ಎನ್ನುವ ಧೈರ್ಯವೂ ಇರಲಿಲ್ಲ. ಸೇಡಂತನಕ ಬಸ್ಸು, ಅಲ್ಲಿಂದ ಚಿತ್ತಾಪುರದ ಮೇಲೆ ವಾಡಿಗೆ ರೈಲು. ದಾರಿಯುದ್ದಕ್ಕೂ ನಿಂತೇ ಬಂದರು.

ವಾಡಿಯ ಕೂಟದ ಸೆಕ್ರೆಟರಿ ಎಂಬ ಮಹಾನುಭಾವ ರೈಲ್ವೆಯ ಗೂಡ್ಸ್ ಪಾರ್ಸಲ್ ಕೆಲಸದಿಂದ ನಿವೃತ್ತನಾದವನು. ಮೂವತ್ತು ವರ್ಷ ಗಂಟುಗಳಿಗೆ ಚೀಟಿ ಅಂಟಿಸಿ ಅಂಟಿಸಿ, ಜಗತ್ತಿನಲ್ಲಿ ಚೀಟಿ ಇಲ್ಲದ ವಸ್ತುವೇ ಇಲ್ಲ ಎಂದು ನಂಬಿದ್ದ. ಯಾವುದೋ ಚಿತ್ರಪತ್ರಿಕೆಯಲ್ಲಿ ಪರದೇಶದ ಓಟಗಾರರ ಫೋಟೋ ನೋಡಿದ್ದನಂತೆ. ಎದೆಯ ಮೇಲೆ ಮೂರಕ್ಷರ! ಅವನಿಗೆ ಇನ್ನೇನು ಬೇಕು? ಅದು ತನ್ನ ಪಾರ್ಸಲ್ ವಿದ್ಯೆಯೇ ಎಂದುಕೊಂಡ. ನಮ್ಮ ಕೂಟವೂ ಹಾಗೆಯೇ ಆಗಬೇಕು, ಊರಿನ ಹೆಸರು ಎಲ್ಲಿಯೂ ಬರೆಯಬಾರದು, ಪಟ್ಟಿಯಲ್ಲೂ ಬೇಡ, ಮೈಕಿನಲ್ಲೂ ಬೇಡ, ಬರೀ ಕೋಡ್. ಹೊಸದಾಗಿ ಕೋಡ್ ಹುಡುಕುವ ಗೋಜಿಗೂ ಹೋಗಲಿಲ್ಲ. ರೈಲು ಸ್ಟೇಷನ್ನುಗಳಿಗೆ ಇರುವ ಅಕ್ಷರಗಳನ್ನೇ ಎತ್ತಿ ಹಾಕಿದ. ಸೇಡಂಗೆ ಎಸ್ ಇ ಎಂ, ಶಹಾಬಾದಕ್ಕೆ ಎಸ್ ಡಿ ಬಿ. ಚಿತ್ತಾಪುರಕ್ಕೆ ಎರಡೇ ಅಕ್ಷರ, ವಾಡಿಗೆ ಪೂರ್ತಿ ನಾಲ್ಕು. ಮೂರಕ್ಷರದ ಹುಚ್ಚಿಗೆ ಇವು ಹೊಂದುತ್ತಿರಲಿಲ್ಲ, ಆದರೂ ಅವನಿಗೆ ಚಿಂತೆಯಿಲ್ಲ. ರೈಲ್ವೆಯ ಪುಸ್ತಕದಲ್ಲಿ ಹಾಗಿದೆ, ಮುಗಿಯಿತು.

ಚಿಂಚೋಳಿಗೆ ರೈಲೇ ಇಲ್ಲ.

ಮೈದಾನದ ಅಂಚಿನಲ್ಲಿ ಒಬ್ಬ ದರ್ಜಿ ಚಾಚಾ ಹೊಲಿಗೆ ಯಂತ್ರ ಇಟ್ಟುಕೊಂಡು ಬಿಳಿ ಬನಿಯನ್ನುಗಳ ಮೇಲೆ ಕೆಂಪು ಬಟ್ಟೆಯ ಅಕ್ಷರ ಹೊಲಿಯುತ್ತಿದ್ದ. ಹುಡುಗಿಯರು ಅಂಗಿಯ ಮೇಲೆ ಅದನ್ನು ತೊಡಬೇಕು. ನನ್ನದನ್ನು ಕೈಗೆ ಕೊಡುವಾಗ ಅವನ ಮುಖ ಸಣ್ಣದಾಯಿತು.

‘ನೀ ಎಲ್ಲಿಂದ ಬಂದೀದಿ ಬೇಟಿ?’

‘ಚಿಂಚೋಳಿ.’

‘ನನಗ ಇಂಗ್ಲಿಷ್ ಓದ್ಲಿಕ್ಕಿ ಬರಲ್ಲ. ಆದ್ರ ತಾಂಡೂರಕ್ಕ ಹೋಗೋ ಬಟ್ಟಿ ಗಂಟಿನ ಮ್ಯಾಲ ಇವೇ ಮೂರು ಹರಫ್ ನೋಡೀನಿ. ಇದು ನಿಮ್ಮೂರಿಂದಲ್ಲ. ಕೇಳಿ ಬಾ, ಎರಡು ನಿಮಿಷದಾಗ ಬಿಚ್ಚಿ ಕೊಡ್ತೀನಿ.’

ಇಡೀ ಮೈದಾನದಲ್ಲಿ ತಲೆ ನೆಟ್ಟಗಿದ್ದವನು ಅವನೊಬ್ಬನೇ. ಓದಿದವರು ಅಷ್ಟು ಜನ ಇದ್ದರು, ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಬನಿಯನ್ ಹಿಡಿದುಕೊಂಡು ಸೆಕ್ರೆಟರಿಯ ಮುಂದೆ ನಿಂತೆ. ಅದರ ಮೇಲೆ ಟಿ ಡಿ ಯು. ಅವನು ಚಹಾ ಬಸಿ ಕೆಳಗಿಟ್ಟು ನಗುತ್ತ ಹೇಳಿದ:

‘ನೋಡವಾ, ಟೇಶನ್ ಇಲ್ಲದ ಊರಿನ ಸಾಮಾನು ಹತ್ತಿರದ ಟೇಶನ್ನಿನ ಹೆಸರ್ಲೆ ಬುಕ್ ಆಗ್ತದ. ಚಿಂಚೋಳಿ ಸಾಮಾನು ಮೊದಲಿಂದ ತಾಂಡೂರದಾಗೇ ಇಳೀತದ. ನಾ ಮಾಡಿದ ಕಾನೂನಲ್ಲ ಇದು.’

‘ನಾ ಸಾಮಾನಲ್ರೀ. ತಾಂಡೂರ ಆಂಧ್ರದಾಗ ಅದ.’

‘ಓಡೋದು ವಾಡ್ಯಾಗ ಹೌದಿಲ್ಲೋ? ಓಡು ಹೋಗು.’

ಮಾಸ್ತರರ ಕಡೆ ತಿರುಗಿದೆ. ಅವರ ಅಂಗಿಗೆ ಸೆಕ್ರೆಟರಿ ಆಗಲೇ ಒಂದು ರಿಬ್ಬನ್ ಹೂವು ಚುಚ್ಚಿ, ‘ಟೀಮ್ ಮ್ಯಾನೇಜರ್ ಸಾಹೇಬ್ರು’ ಎಂದು ಕರೆದು ಕುರ್ಚಿ ಹಾಕಿಸಿ ಕೂರಿಸಿದ್ದ. ಬೆಳಗಿನಿಂದ ನಿಂತೇ ಬಂದ ಮನುಷ್ಯ, ಕುರ್ಚಿ ಸಿಕ್ಕ ಸುಖದಲ್ಲಿ ಕರಗಿ ಹೋಗಿದ್ದರು. ‘ಹೋಗ್ಲಿ ಬಿಡು ತಂಗಿ, ಅಕ್ಷರದಾಗ ಏನದ’ ಎಂದು ಪಟ್ಟಿಗೆ ಸಹಿ ಹಾಕಿದರು. ಥೂ! ಇತಿಹಾಸ ಓದಿಸುವ ಮನುಷ್ಯ! ಒಂದು ಸಹಿಯಿಂದ ಊರೇ ಕೈಬಿಟ್ಟು ಹೋಗುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?

ಓಡಿದೆ. ಸಿಟ್ಟಿನಲ್ಲಿ ಓಡಿದೆ. ಸುಣ್ಣದ ಗೆರೆ ಎಳೆದ ಆ ಬಿಳಿ ಧೂಳಿನ ಮೈದಾನದಲ್ಲಿ ಎರಡನೆಯವಳು, ಶಹಾಬಾದದ ಹುಡುಗಿ, ನನ್ನಿಂದ ಬಹಳ ಹಿಂದೆ ಇದ್ದಳು. ಗೆದ್ದವರು ನಿಲ್ಲಲೆಂದು ಹತ್ತಿರದ ರಾವೂರಿನ ಖಣಿಯಿಂದ ಫರ್ಸಿ ಹಾಸುಗಲ್ಲು ತಂದು ಮೂರು ಎತ್ತರದಲ್ಲಿ ಪೇರಿಸಿದ್ದರು. ನಡುವಿನ ಕಲ್ಲಿನ ಮೇಲೆ ಹತ್ತಿ ನಿಂತು ಮೈಕಿನ ಕಡೆಗೇ ಕಿವಿಯಿಟ್ಟೆ.

‘ಫಸ್ಟ್, ಟಿ ಡಿ ಯು!’

ಜನ ಚಪ್ಪಾಳೆ ತಟ್ಟಿದರು. ಟಿ ಡಿ ಯು ಅಂದರೆ ಏನೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಚಪ್ಪಾಳೆ ತಟ್ಟುವುದರಲ್ಲಿ ನಮ್ಮ ಜನರನ್ನು ಮೀರಿಸುವವರಿಲ್ಲ.

ಊರಿಗೆ ಬಂದು ಅವ್ವನಿಗೆ, ‘ಗೆದ್ದೀನಿ. ಕೂಗೋದು ಗುಲ್ಬರ್ಗಾದಾಗ, ದೊಡ್ಡ ಮೈಕಿನ್ಯಾಗ’ ಎಂದೆ. ಅದು ಸುಳ್ಳೇನೂ ಅಲ್ಲ ಎಂದು ನನ್ನನ್ನು ನಾನೇ ನಂಬಿಸಿಕೊಂಡೆ. ಗುಲ್ಬರ್ಗಾದವರು ತಿಳಿದವರು, ಅಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಖರೇನೇ ಅನ್ನಿಸಿತ್ತು. ಅವ್ವ ಎರಡು ವಾರ ಊಟಕ್ಕೆ ಬಂದವರಿಗೆಲ್ಲ ಅದನ್ನೇ ಹೇಳಿದಳು.

ಗುಲ್ಬರ್ಗಾದ ಮೈದಾನದಲ್ಲಿ ಮೇಜಿನ ಹಿಂದೆ ಕೂತ ಸಾಹೇಬರು ವಾಡಿಯಿಂದ ಬಂದ ಪಟ್ಟಿಯ ಮೇಲೆ ಬೆರಳು ಆಡಿಸಿ ನನ್ನ ಹೆಸರಿನ ಹತ್ತಿರ ನಿಂತರು.

‘ಟಿ ಡಿ ಯು ಅಂದ್ರ?’

ಮಾಸ್ತರರು ಮೆಲ್ಲಗೆ, ‘ತಾಂಡೂರ ಸರ್’ ಎಂದರು. ಚಿಂಚೋಳಿ ಎನ್ನಲಿಲ್ಲ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟರು, ಪರೀಕ್ಷೆಯಲ್ಲಿ ಕೂತ ಹುಡುಗನ ಹಾಗೆ.

‘ಅದು ಬ್ಯಾರೆ ರಾಜ್ಯ. ಹೆಂಗ ಓಡ್ತಾಳಿವಳು?’

‘ನಾ ಚಿಂಚೋಳಿಯಾಕಿ ಸರ್’ ಎಂದು ನಾನು ಬಾಯಿ ಹಾಕಿದೆ. ವಾಡಿಯ ಕಥೆಯನ್ನೆಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಕೇಳಿಸಿಕೊಂಡು, ಮಾಸ್ತರರ ಸಹಿಯನ್ನು ಮಾಸ್ತರರಿಗೇ ತೋರಿಸಿದರು. ವಾಡಿಯ ಸೆಕ್ರೆಟರಿಯಿಂದ ತಿದ್ದುಪಡಿ ಪತ್ರ ತಂದರೆ ಮಾತ್ರ ಹೆಸರು ಬದಲಿಸಬಹುದು ಎಂದರು. ಓಟಕ್ಕೆ ಇನ್ನು ಒಂದು ತಾಸಷ್ಟೇ ಉಳಿದಿತ್ತು. ಪತ್ರ ಎಲ್ಲಿಂದ ತರುವುದು? ಸಾಹೇಬರೇ ಪಾಪ, ಒಂದು ದಾರಿ ಹುಡುಕಿದರು.

‘ವಾಡ್ಯಾಗ ಮೂರನೇದಾಕಿ ಸೇಡಂ ಹುಡುಗಿಗಿ ಜ್ವರ, ಬಂದಿಲ್ಲ. ಆ ಜಾಗಾ ಖಾಲಿ ಅದ. ಸೇಡಂದ ಬದಲಿ ಅಂತ ಬರ್ಕೊಳ್ತೀನಿ. ಓಡ್ತೀಯೇನು?’

ಸೇಡಂ! ಬೇರೆ ಯಾವ ಊರಾದರೂ ಆಗಬಾರದಿತ್ತೇ?

ಇಲ್ಲಿಯತನಕ ಎಲ್ಲರನ್ನೂ ಬೈಯುತ್ತ ಬಂದಿದ್ದೇನೆ. ಸೆಕ್ರೆಟರಿಯನ್ನು ಬೈದೆ, ಮಾಸ್ತರರನ್ನು ಬೈದೆ, ಚಪ್ಪಾಳೆ ತಟ್ಟಿದವರನ್ನೂ ಬಿಡಲಿಲ್ಲ. ಇನ್ನು ಮುಂದಿನದು ನನ್ನ ಪಾಲಿನದು. ಆಗುವುದಿಲ್ಲ ಎಂದು ಬನಿಯನ್ ಮೇಜಿನ ಮೇಲೆ ಒಗೆದು ಬಂದೆ ಎಂದು ಬರೆಯಲು ನನಗೂ ಆಸೆಯಿದೆ. ಹಾಗೆ ಮಾಡಲಿಲ್ಲ. ಗುಲ್ಬರ್ಗಾದ ಆ ಮೈದಾನ ಎಷ್ಟು ಸಮತಟ್ಟಾಗಿತ್ತು! ಒಂದು ಹರಳು ಕಲ್ಲೂ ಇರಲಿಲ್ಲ. ಅಂಥ ನೆಲದ ಮೇಲೆ ನಾನು ಒಮ್ಮೆಯೂ ಓಡಿರಲಿಲ್ಲ. ನನಗೆ ಓಡಬೇಕಿತ್ತು, ಅಷ್ಟೇ. ‘ಓಡ್ತೀನಿ ಸರ್’ ಎಂದೆ. ಯಾರೂ ಒತ್ತಾಯ ಮಾಡಲಿಲ್ಲ.

ಸೇಡಂದವರು ತಮ್ಮ ಬನಿಯನ್ ಕೊಟ್ಟರು. ಅದೇ ಚಾಚಾನ ಕೆಂಪು ಅಕ್ಷರ, ಎಸ್ ಇ ಎಂ. ಹಾಕಿಕೊಂಡೆ, ಓಡಿದೆ, ಗೆದ್ದೆ. ಮೈಕಿನವನು ಅಕ್ಷರ ಬಿಟ್ಟು ಊರಿನ ಹೆಸರನ್ನೇ ಕೂಗಿದ. ಗುಲ್ಬರ್ಗಾದವರು ತಿಳಿದವರು ಎಂದು ನಾನು ಅಂದುಕೊಂಡದ್ದು ಸರಿಯೇ ಇತ್ತು. ‘ಪ್ರಥಮ, ಸೇಡಂ!’ ಎಂದು ಮೂರು ಸಲ ಕೂಗಿದ. ಸೇಡಂದವರು ಕುಣಿದಾಡಿದರು. ಬನಿಯನ್ ಬಿಚ್ಚಿ ಕೊಡಲು ಹೋದರೆ ಅವರ ಮಾಸ್ತರರು, ‘ಇಟ್ಕೊ ಯವ್ವಾ, ಇನ್ಮ್ಯಾಲ ನೀ ನಮ್ಮೂರಾಕೀನೇ’ ಎಂದರು. ಭಾಳ ಪ್ರೀತಿಯಿಂದಲೇ ಅಂದರು.

ಮರುದಿನ ಮಧ್ಯಾಹ್ನ ಚಿಂಚೋಳಿಯಲ್ಲಿ ಬಸ್ಸಿಳಿದೆ. ಖಾನಾವಳಿಯಲ್ಲಿ ಐದಾರು ಜನ ಊಟಕ್ಕೆ ಕೂತಿದ್ದರು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಕೈಯೆಲ್ಲ ಹಿಟ್ಟು.

‘ಕೂಗಿದ್ರೇನು?’

‘ಹೂಂ.’

‘ಏನಂತ?’

ಊಟಕ್ಕೆ ಕೂತವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು.

‘ಚಿಂಚೋಳಿ ಫಸ್ಟ್ ಅಂತ’ ಎಂದೆ. ‘ಮೂರು ಸಲ.’

‘ಕೇಳಿದ್ರೇನ್ರೀ?’ ಎಂದಳು ಅವ್ವ, ಎಲ್ಲರಿಗೂ. ‘ಮೂರು ಸಲ ಕೂಗ್ಯಾರಂತ!’ ಅವತ್ತು ಊಟಕ್ಕೆ ಕೂತವರಿಗೆಲ್ಲ ತಲೆಗೆ ಒಂದೊಂದು ರೊಟ್ಟಿ ಹೆಚ್ಚು ಹಾಕಿದಳು. ಆಮೇಲೆ ಕೈ ತೊಳೆದುಕೊಂಡು ಬಂದು ನನ್ನ ಚೀಲದಿಂದ ಬನಿಯನ್ ತೆಗೆದು, ಆ ಕೆಂಪು ಅಕ್ಷರಗಳ ಮೇಲೆ ಬೆರಳಾಡಿಸಿದಳು. ‘ಊರ ಹೆಸರು ಅದ ಇದರ ಮ್ಯಾಲ, ಮುದ್ದಿ ಮಾಡಿ ಇಟ್ಟೀದಿ ನೋಡು’ ಎಂದು ನನ್ನನ್ನೇ ಬೈದಳು.

ಬನಿಯನ್ ಒಗೆದು ಖಾನಾವಳಿಯ ಮುಂದಿನ ಹಗ್ಗಕ್ಕೆ ಹಾಕಿದಳು. ಬಸ್ಸಿನಿಂದ ಇಳಿದವರಿಗೆಲ್ಲ ಕಾಣಲಿ ಎಂದು ಅಕ್ಷರಗಳನ್ನು ರಸ್ತೆಯ ಕಡೆಗೆ ತಿರುಗಿಸಿದಳು. ಅದು ಒಣಗಿದ ಮೇಲೂ ತೆಗೆಯಲಿಲ್ಲ. ಎಂಟು ದಿನ ಅಲ್ಲಿಯೇ ಇತ್ತು. ಸೇಡಂ ಬಸ್ಸಿನ ಕಂಡಕ್ಟರನಿಗೆ ಇಂಗ್ಲಿಷ್ ಬರುತ್ತಿತ್ತು. ಮೊದಲ ದಿನವೇ ಅವನು ಹಗ್ಗದ ಮುಂದೆ ನಿಂತು ಓದಿದ, ಹೊರಳಿ ನನ್ನನ್ನು ನೋಡಿದ. ಅವ್ವ ಒಲೆಯ ಮುಂದಿನಿಂದಲೇ ಕೂಗಿ ಕೇಳಿದಳು:

‘ಚಂದ ಕಾಣ್ತದೇನ್ರೀ, ನಮ್ಮೂರ ಹೆಸರು?’

‘ಭಾಳ ಚಂದ ಕಾಣ್ತದವ್ವಾ’ ಎಂದು ಅವನು ಒಳಗೆ ಬಂದು ಊಟಕ್ಕೆ ಕೂತ. ಆಮೇಲೂ ಓದು ಬಲ್ಲವರು ಎಷ್ಟೋ ಜನ ಬಂದರು, ಓದಿದರು, ಉಂಡು ಹೋದರು. ಒಬ್ಬರೂ ಅವಳಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ.