ಅತ್ತಿಗೆ ತೆಗೆದ ಬೋಲ್ಟು

ಅತ್ತಿಗೆಯ ಬೆರಳ ಸಂದಿಯಲ್ಲಿ ಅರಿಶಿನವೂ ಗ್ರೀಸೂ ಒಟ್ಟಿಗೇ ಕೂತಿರುತ್ತಿದ್ದವು. ಸೀಮೆಎಣ್ಣೆ ಹಚ್ಚಿ, ಸೋಪಿನ ಪುಡಿಯಲ್ಲಿ ಎಷ್ಟು ತಿಕ್ಕಿದರೂ ಪೂರ್ತಿ ಹೋಗುತ್ತಿರಲಿಲ್ಲ. ಮುದ್ದೆ ಮುರಿಯುವ ಮೊದಲು ಕೈ ಮೂಸಿ ನೋಡಿಕೊಂಡು, ‘ಇವತ್ತು ಸಾರಿಗೆ ಡೀಸಲ್ ಒಗ್ಗರಣೆ’ ಎಂದು ನಗುತ್ತಿದ್ದರು.

ಹಿರಿಯೂರಿನ ಹೆದ್ದಾರಿ ಬದಿಯ ತಗಡಿನ ಗ್ಯಾರೇಜು ನಮ್ಮಣ್ಣನದು. ತೊಂಬತ್ತರ ದಶಕದ ಕೊನೆಗೆ ಅವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಅದುವರೆಗೆ ಸ್ಪ್ಯಾನರ್ ಎತ್ತಿಕೊಡುತ್ತಿದ್ದ ಅತ್ತಿಗೆ, ಸೆರಗು ಸಿಕ್ಕಿಸಿಕೊಂಡು ಲಾರಿಯ ಕೆಳಗೆ ನುಗ್ಗತೊಡಗಿದರು. ಅಣ್ಣ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದ. ಬಿಚ್ಚಿದ ಬೋಲ್ಟುಗಳನ್ನು ಅತ್ತಿಗೆ ಅಕ್ಕಿ ಕೇರುವ ಮೊರದಲ್ಲಿ ಸಾಲಾಗಿ ಜೋಡಿಸಿಡುತ್ತಿದ್ದರು. ಬ್ರೇಕು, ಸ್ಪ್ರಿಂಗ್ ಪಟ್ಟಿ ಕೆಲಸಕ್ಕೆ ಜನ ಬರುತ್ತಿದ್ದರು. ಎಂಜಿನ್ನನ್ನು ಮಾತ್ರ ಹೆಂಗಸಿನ ಕೈಗೆ ಕೊಡಲು ಯಾರಿಗೂ ಧೈರ್ಯವಿರಲಿಲ್ಲ.

ಮೊದಲು ಕೊಟ್ಟವನು ನಾನೇ. ಕಡಲೆಕಾಯಿ ಇಳಿಸಿ ವಾಪಸು ಬರುವಾಗ ನನ್ನ ಲಾರಿಯ ಎಂಜಿನ್ ಕಾದು ಜವನಗೊಂಡನಹಳ್ಳಿ ಹತ್ತಿರ ನಿಂತುಬಿಟ್ಟಿತ್ತು. ಇನ್ನೊಂದು ಗಾಡಿಗೆ ಕಟ್ಟಿ ಗ್ಯಾರೇಜಿಗೆ ಎಳೆಸಿ ತಂದೆ. ಆ ಲಾರಿ ಬಿಟ್ಟರೆ ನನಗೆ ಬೇರೆ ಬದುಕಿರಲಿಲ್ಲ.

ಎಂಜಿನ್ನಿನ ಮೇಲ್ಭಾಗ ಬಿಚ್ಚುವಾಗ ಒಂದು ಬೋಲ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ.

‘ಎಣ್ಣೆ ಬಿಟ್ಟು ಕಾಯಾಣ. ಕಬ್ಬಿಣಕ್ಕೂ ಬಿಡಾಕೆ ಟೈಮ್ ಬೇಕು’ ಅಂದರು ಅತ್ತಿಗೆ.

ಅಣ್ಣನಿಗೆ ತಾಳ್ಮೆಯಿರಲಿಲ್ಲ. ‘ಸ್ಪ್ಯಾನರ್‌ಗೆ ಪೈಪ್ ಹಾಕಿ ಎಳಿಯಲೇ’ ಎಂದು ಗದರಿದ.

ಅತ್ತಿಗೆ ಎಳೆದರು. ಟಪ್ಪೆಂದಿತು. ಬೋಲ್ಟಿನ ತಲೆ ಕಿತ್ತು ಬಂತು. ಎಂಜಿನ್ನಿನ ಮೇಲ್ಭಾಗ ಎತ್ತಿ ನೋಡಿದರೆ ಉಳಿದ ತುಂಡು ಕೆಳಗಿನ ಬ್ಲಾಕಿನೊಳಗೆ ಕಚ್ಚಿಕೊಂಡಿತ್ತು. ಹಿಡಿದು ತಿರುಗಿಸಲು ಒಂದಿಷ್ಟೂ ಮೇಲಿರಲಿಲ್ಲ.

‘ಮುರ್ದು ಹಾಕಿದ್ಯಲ್ಲೇ. ದುರ್ಗದ ವರ್ಕ್‌ಶಾಪಿಗೆ ಕಳ್ಸು, ನಿನ್ ಕೈಲಾಗಲ್ಲ’ ಎಂದ ಅಣ್ಣ.

‘ನಡುವಿಗೆ ತೂತು ಹೊಡ್ದು ತೆಗೀತೀನಿ.’

‘ಸೊಟ್ಟ ಹೋತು ಅಂದ್ರೆ ಬ್ಲಾಕೇ ಹೋತು. ಎಂಜಿನ್ ಗುಜರಿಗೆ ಹಾಕ್ಬೇಕು.’

ಅತ್ತಿಗೆ ನನ್ನ ಕಡೆ ತಿರುಗಿದರು. ‘ಲಾರಿ ನಿಂದಪ್ಪ. ನೀನೇ ಹೇಳು.’

ಅಣ್ಣ ದುರುಗುಟ್ಟಿಕೊಂಡು ನೋಡುತ್ತಿದ್ದ. ‘ನೀವೇ ತೆಗೀರಿ ಅತ್ಗೆ’ ಅಂದೆ.

ಅವರು ತುಂಡಿನ ಸುತ್ತ ಸೀಮೆಎಣ್ಣೆ ಬಿಟ್ಟು ಅದು ನೆನೆಯಲೆಂದು ಕಾಯುತ್ತ ಕೂತರು. ಅಣ್ಣ ಬೈಯುತ್ತಲೇ ಇದ್ದ. ನೆರಳು ಸರಿದು ಬಿಸಿಲು ಅವರ ಬೆನ್ನಿಗೆ ಬಿದ್ದಾಗ ಎದ್ದು, ನಡುವಿಗೊಂದು ಗುರುತು ಹೊಡೆದು ಡ್ರಿಲ್ ಹಿಡಿದರು. ಸ್ವಲ್ಪ ಹೊತ್ತಿಗೆ ಅದರ ಸದ್ದು ಬದಲಾಯಿತು. ನಿಲ್ಲಿಸಿ, ಬ್ಯಾಟರಿ ಬೆಳಕು ಬಿಟ್ಟು ನೋಡಿದರೆ ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು.

‘ನಾ ಹೇಳ್ಲಿಲ್ವಾ...’

‘ನೀವು ಸುಮ್ಕೆ ಕುಂತ್ಕಳ್ರಿ’ ಅಂದರು ಅತ್ತಿಗೆ. ಗಂಡನಿಗೆ ಅವರು ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಓರೆಯನ್ನು ಉಳಿಯಿಂದ ತಿದ್ದಿ ಮತ್ತೆ ಕೊರೆದರು. ಚೌಕ ಮೂಲೆಯ ಉಕ್ಕಿನ ಕಡ್ಡಿಯೊಂದನ್ನು ತೂತಿಗೆ ಬಡಿದು, ಅದಕ್ಕೆ ಸ್ಪ್ಯಾನರ್ ಹಾಕಿ ನಿಧಾನ ತಿರುಗಿಸಿದರು. ಕಡ್ಡಿ ಬಾಗಿದಂತಾಯಿತು. ಕಟಕ್ಕೆಂದಿತು. ಅದೂ ಒಳಗೇ ಮುರಿಯಿತೆಂದು ನಾನು ಕಣ್ಣು ಮುಚ್ಚಿದೆ. ತೆರೆದಾಗ ತುಂಡು ಸುತ್ತಿಕೊಂಡು ಮೇಲೆ ಬರುತ್ತಿತ್ತು. ಅತ್ತಿಗೆ ಅದನ್ನು ಮೊರದಲ್ಲಿ ಅದರ ಜಾಗದಲ್ಲೇ ಇಟ್ಟು, ಬಾನಿಯ ನೀರಲ್ಲಿ ಮುಖ ತೊಳೆದುಕೊಂಡು, ಸೆರಗು ಮುಚ್ಚಿಕೊಂಡು ಅತ್ತರು.

ಅಷ್ಟರಲ್ಲಿ ಹೊಸದುರ್ಗದ ಡ್ರೈವರೊಬ್ಬ ಬಂದು, ‘ಮೇಸ್ತ್ರಿ, ನಮ್ ಗಾಡಿ ಹೊಗೆ ಕಾರ್ತೈತೆ, ಒಸಿ ನೋಡ್ರಿ’ ಅಂದ. ಅಣ್ಣ ಎಡಗೈಯಿಂದ ಬಾನಿಯ ಕಡೆ ತೋರಿಸಿದ.

‘ಮೇಸ್ತ್ರಿ ಅಲ್ಲಿ ಅವ್ರೆ. ಅವರ್ನ ಕೇಳು.’

ಅಣ್ಣ ತೀರಿಹೋದ ಮೇಲೂ ಅತ್ತಿಗೆ ಗ್ಯಾರೇಜು ನಡೆಸಿದರು. ರಸ್ತೆ ಅಗಲ ಮಾಡುವಾಗ ಸರ್ಕಾರದವರು ತಗಡು ಕೀಳಿಸಿದರು. ಅತ್ತಿಗೆ ಹಿಂದೆ ಸರಿದು ಮತ್ತೆ ಹಾಕಿಕೊಂಡರು. ಕೆಲವು ವರ್ಷಗಳ ನಂತರ ಎದೆನೋವೆಂದು ಮಲಗಿದವರು ಏಳಲಿಲ್ಲ.

ತವರಿನ ಮಣ್ಣಿಗೇ ಹಾಕಬೇಕೆಂದು ಮೊದಲೇ ಹೇಳಿಟ್ಟಿದ್ದರು. ನನ್ನ ಲಾರಿಯಲ್ಲೇ ಅವರ ತವರೂರು ಮತ್ತೋಡಿಗೆ ಕರೆದೊಯ್ದೆ. ಆ ಬ್ಲಾಕನ್ನು ಅವರ ನಂತರ ಯಾರೂ ಮುಟ್ಟಿರಲಿಲ್ಲ. ದಾರಿಯುದ್ದಕ್ಕೂ ಎಂಜಿನ್ ಒಮ್ಮೆಯೂ ತಡವರಿಸಲಿಲ್ಲ. ಊರು ಕಾಣುವ ತಿರುವಿನಲ್ಲಿ ನನಗೇ ರಸ್ತೆ ಮಂಜಾಗಿ, ಸ್ವಲ್ಪ ಹೊತ್ತು ಪಕ್ಕಕ್ಕೆ ನಿಲ್ಲಿಸಿದೆ. ಎಂಜಿನ್ ಆರಿಸಲು ಮನಸ್ಸಾಗಲಿಲ್ಲ.