ರಿಜ್ವಾನನನ್ನು ಕೆಲಸದಿಂದ ತೆಗೆದ ದಿನ

ಬಬಲೇಶ್ವರದ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಅಮೋಘಿಯ ಝೆರಾಕ್ಸ್ ಅಂಗಡಿ ಇದೆ. ಹೊಲದ ಪಹಣಿ-ಉತಾರ ತೆಗೆಸುವವರು, ಶಾಲೆಯ ಅರ್ಜಿ ತುಂಬಿಸುವವರು, ಪಿಂಚಣಿಗಾಗಿ ಹೆಬ್ಬೆರಳು ಒತ್ತುವವರು ಬೆಳಿಗ್ಗೆಯಿಂದಲೇ ಬಾಗಿಲಲ್ಲಿ ನಿಂತಿರುತ್ತಾರೆ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಅವನು ಮೂಲೆಯ ಹಳೆಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಅದರಲ್ಲಿ ಇದ್ದದ್ದು ಒಂದೇ ಆಟ. ವರ್ಷಗಟ್ಟಲೆ ಅದನ್ನೇ ಆಡಿದ. ಹೆಂಡತಿ ಮಹಾನಂದಾಗೆ ಅದೊಂದು ಚಟವೆಂದು ಗೊತ್ತಿತ್ತು. ಕುಡಿತದ ಚಟವಲ್ಲವಲ್ಲ ಎಂದು ಸುಮ್ಮನಿದ್ದಳು.

ಅಮೋಘಿ ಕನಮಡಿಯವನು. ಅಪ್ಪ ಕುರಿ ಹೊಡೆದುಕೊಂಡು ಮಹಾರಾಷ್ಟ್ರದ ಊರೂರು ತಿರುಗಿದವನು. ಮಗನಿಗೆ ಅದು ಒಗ್ಗಲಿಲ್ಲ. ವಿಜಯಪುರಕ್ಕೆ ಬಂದು ಐಟಿಐ ಮುಗಿಸಿ, ಗಾಂಧಿ ಚೌಕದ ಹಿಂದಿನ ಓಣಿಯ ಇಂಟರ್‌ನೆಟ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ರಿಜ್ವಾನ ಜೊತೆಯಾದ. ಲಗ್ನಪತ್ರಿಕೆ, ಬ್ಯಾನರು ಏನೇ ಇದ್ದರೂ ರಿಜ್ವಾನನ ಕೈಯಲ್ಲೇ ಆಗಬೇಕು. ಬಿಡುವಿದ್ದಾಗ ಅಂಗಡಿಗಳ ಬೋರ್ಡೂ ಬರೆಯುತ್ತಿದ್ದ. ಪ್ರತಿ ಬೋರ್ಡಿನ ಮೂಲೆಯಲ್ಲಿ ತನ್ನ ಹೆಸರನ್ನು ಓರೆಯಾದ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಕೊನೆಯ ಅಕ್ಷರಕ್ಕೊಂದು ಬಾಲ ಎಳೆಯುತ್ತಿದ್ದ. ಅವನ ತಂದೆ ದಾದಾಸಾಬ ಚೌಕದಲ್ಲೇ ಒಂದು ಹಲಗೆ ಹಾಕಿಕೊಂಡು ಬ್ಯಾಗುಗಳ ಜಿಪ್ ರಿಪೇರಿ ಮಾಡುವವನು.

ಆ ಆಟವನ್ನು ತಂದವನು ರಿಜ್ವಾನನೇ. ಕಂಪ್ಯೂಟರ್ ಆಟ ತಯಾರಿಸುವ ಒಂದು ಕಂಪನಿಯನ್ನು ನಾವೇ ನಡೆಸುವುದು, ಆಟವೆಂದರೆ ಅದು. ಒಂದು ಸಣ್ಣ ಕೋಣೆಯಲ್ಲಿ ಶುರು. ಆಟ ಮಾಡಿ ಮಾರಬೇಕು, ಪೇಪರಿನವರು ಅದಕ್ಕೆ ಅಂಕ ಕೊಡುತ್ತಾರೆ, ಬೆಳೆದಂತೆ ನೌಕರರನ್ನು ಇಟ್ಟುಕೊಳ್ಳಬೇಕು. ನೌಕರರಿಗೆ ಬೇಕಾದ ಹೆಸರು ಕೊಡಬಹುದು. ಅಮೋಘಿ ಮಾಲೀಕನಾದ, ರಿಜ್ವಾನ ಚಿತ್ರ ಬರೆಯುವವನಾದ. ಮೊದಲು ಮಾಡಿದ ಆಟಕ್ಕೆ ‘ಕನಮಡಿ ಕುರಿ’ ಎಂದು ಹೆಸರಿಟ್ಟರು. ಹತ್ತಕ್ಕೆ ಎರಡು ಅಂಕ ಬಂತು.

“ಅಂಕ ಕೊಟ್ಟವರು ಜಲ್ಮದಾಗ ಕುರಿ ನೋಡಿಲ್ಲ ಬಿಡಲೇ,” ಎಂದ ರಿಜ್ವಾನ.

ಊಟದ ಹೊತ್ತಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಹೀಗೇ ಎರಡು ವರ್ಷ ಆಡಿದರು. ಮುಂದೊಂದು ದಿನ ಖರೇ ಆಟವನ್ನೇ ಮಾಡೋಣ ಎಂಬ ಮಾತೂ ಆಗಿತ್ತು.

2014ರ ಬೇಸಿಗೆಯ ಒಂದು ಸಂಜೆ ಕಂಪನಿ ಮುಳುಗುವ ಹಂತಕ್ಕೆ ಬಂತು. ಒಬ್ಬ ನೌಕರನನ್ನು ಕಡಿಮೆ ಮಾಡಿದರೆ ಉಳಿಯುತ್ತಿತ್ತು. ಅಮೋಘಿ ತಮಾಷೆಗೆ ರಿಜ್ವಾನನ ಹೆಸರು ಒತ್ತಿದ. ಪರದೆಯ ಮೇಲೆ ಕುರ್ಚಿ ಖಾಲಿಯಾಯಿತು. ರಿಜ್ವಾನ ಚಪ್ಪಾಳೆ ಹೊಡೆದು ನಕ್ಕ.

“ಆತು, ನಾಳಿಂದ ಬರೂದಿಲ್ಲ ನಾ. ನೀನ ಚಿತ್ರ ಬರಿ, ನೀನ ಮಾರು.”

ಊಟದ ಡಬ್ಬಿ ಎತ್ತಿಕೊಂಡು ನಗುತ್ತಲೇ ಓಣಿ ದಾಟಿದ.

ಮರುದಿನ ಅವನು ಬರಲಿಲ್ಲ. ಹನ್ನೊಂದು ಗಂಟೆಗೆ ಸುದ್ದಿ ಬಂತು. ಟಿಕೋಟಾ ರಸ್ತೆಯಲ್ಲಿ ಟೆಂಪೋ ಒಂದು ಅವನ ಬೈಕಿಗೆ ಬಡಿದಿತ್ತು. ಅಮೋಘಿ ಓಡಿ ಹೋದಾಗ ಹೆಣವನ್ನು ಒಯ್ದಾಗಿತ್ತು. ಬೈಕಿಗೆ ಕಟ್ಟಿದ್ದ ಬಣ್ಣದ ಡಬ್ಬಿಗಳು ಒಡೆದು ರಸ್ತೆಯ ತುಂಬ ಕೆಂಪು, ಹಳದಿ ಹರಿದಿತ್ತು. ಕೆಂಪಿನಲ್ಲಿ ಯಾವುದು ಬಣ್ಣ, ಯಾವುದು ರಕ್ತ ಎಂದು ಅವನಿಗೆ ಕೊನೆಗೂ ತಿಳಿಯಲಿಲ್ಲ. ಮಣ್ಣಿಗೆ ಹೋದಾಗ ದಾದಾಸಾಬ ಅವನತ್ತ ನೋಡಲಿಲ್ಲ, ಮುಖ ತಿರುಗಿಸಿದ. ದುಃಖ ಎಂದುಕೊಂಡ ಅಮೋಘಿ.

ನಲವತ್ತು ದಿನ ಆ ಕಂಪ್ಯೂಟರನ್ನು ಮುಟ್ಟಲಿಲ್ಲ. ಆಮೇಲೆ ಆಟ ತೆರೆದು, ಹೊಸ ನೌಕರನೊಬ್ಬನನ್ನು ಇಟ್ಟುಕೊಂಡು ಅವನಿಗೆ ರಿಜ್ವಾನ ಎಂದು ಹೆಸರು ಕೊಟ್ಟ. ಆ ಆಟದಲ್ಲಿ ನೌಕರರ ಮುಖ ಕಾಣುವುದಿಲ್ಲ. ಎಲ್ಲರೂ ನಮಗೆ ಬೆನ್ನು ಮಾಡಿ ಕೂತಿರುತ್ತಾರೆ. ನೀಲಿ ಅಂಗಿಯ ಆ ಬೆನ್ನನ್ನು ನೋಡಿದಷ್ಟೂ ಈಗ ತಿರುಗುತ್ತಾನೆ, ಇನ್ನೇನು ಒಂದು ಮಾತು ಆಡುತ್ತಾನೆ ಎನಿಸುತ್ತಿತ್ತು. ದುಡಿದು ದಣಿದವರಿಗೆ ಅಲ್ಲಿ ಸೂಟಿ ಕೊಡಬೇಕು. ಕೊಟ್ಟರೆ ಸ್ವಲ್ಪ ಹೊತ್ತು ಕುರ್ಚಿ ಖಾಲಿ ಉಳಿಯುತ್ತದೆ. ಅಮೋಘಿ ರಿಜ್ವಾನನಿಗೆ ಒಮ್ಮೆಯೂ ಸೂಟಿ ಕೊಡಲಿಲ್ಲ. ದಣಿದವನ ಚಿತ್ರಗಳು ಕೆಟ್ಟವು, ಮಾಡಿದ ಆಟಗಳೆಲ್ಲ ಸೋತವು. ಕಂಪನಿ ಮುಚ್ಚುವ ಹೊತ್ತಿಗೆ ಹಿಂದೆ ಉಳಿಸಿಟ್ಟ ಜಾಗಕ್ಕೆ ಹೋಗಿ ಮತ್ತೆ ಅಲ್ಲಿಂದ ಶುರು ಮಾಡುತ್ತಿದ್ದ. ಇಂಟರ್‌ನೆಟ್ ಅಂಗಡಿ ಮುಚ್ಚಿದಾಗ ಆ ಕಂಪ್ಯೂಟರನ್ನು ಕೇಳಿ ಪಡೆದು ಬಬಲೇಶ್ವರಕ್ಕೆ ತಂದ. ಕನಮಡಿಗೆ ಹೋಗುವಾಗ ಟಿಕೋಟಾ ರಸ್ತೆಯುದ್ದಕ್ಕೂ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದ.

ಕಳೆದ ವರ್ಷ ಒಂದು ಮಧ್ಯಾಹ್ನ ದಾದಾಸಾಬ ಅಂಗಡಿಯ ಮೆಟ್ಟಿಲು ಹತ್ತಿದ. ಮಗಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದ, ಅವಳ ಮನೆಗೆ ಬಂದಿದ್ದ. ಪಿಂಚಣಿಗೆ ಹೆಬ್ಬೆರಳು ಒತ್ತಬೇಕಿತ್ತು. ಯಾರ ಅಂಗಡಿ ಎಂದು ಗೊತ್ತಿರಲಿಲ್ಲ. ಅಮೋಘಿಯನ್ನು ಕಂಡು ಹಿಂದೆ ಸರಿದ, ಆದರೆ ಅವಧಿ ಮುಗಿಯುತ್ತ ಬಂದಿತ್ತು. ಒಳಗೆ ಬಂದು ಕೂತ. ಜಿಪ್ಪಿನ ಹಲ್ಲು ತಿಕ್ಕಿ ತಿಕ್ಕಿ ಬೆರಳಿನ ಗೆರೆಗಳೆಲ್ಲ ಸವೆದಿದ್ದವು. ಮೂರು ಸಲ ಒತ್ತಿದರೂ ಯಂತ್ರಕ್ಕೆ ಹತ್ತಲಿಲ್ಲ.

“ಕೈ ತೊಳಕೊಂಡು ಬರ್ರಿ ಚಾಚಾ, ಇನ್ನೊಮ್ಮೆ ನೋಡೂಣು.”

ಕೈ ಒರೆಸಿಕೊಳ್ಳುತ್ತ ಬಂದ ದಾದಾಸಾಬ ಮೂಲೆಯ ಕಂಪ್ಯೂಟರಿನ ಮುಂದೆ ನಿಂತುಬಿಟ್ಟ. ಅವನಿಗೆ ಇಂಗ್ಲಿಷ್ ಬಾರದು. ಆ ಒಂದು ಹೆಸರನ್ನು ಮಾತ್ರ ಎಲ್ಲಿ ಕಂಡರೂ ಗುರುತಿಸಬಲ್ಲ.

“ಇದು ನಮ್ಮ ರಿಜ್ವಾನನ ಹೆಸರಲ್ಲೇನೋ? ಇಲ್ಲ್ಯಾಕ ಐತಿ?”

ಯಾರಿಗೂ ಹೇಳದಿದ್ದುದನ್ನು ಅಮೋಘಿ ಹೇಳಿದ. ಆಟ ಎಂಥದು, ಆ ಸಂಜೆ ತಮಾಷೆಗೆ ಏನು ಒತ್ತಿದ, ರಿಜ್ವಾನ ಏನೆಂದು ನಕ್ಕ, ಎಲ್ಲ. ಮುದುಕ ಸ್ಟೂಲು ಎಳೆದುಕೊಂಡು ಕೂತ.

“ಆಟದಾಗ ತಗದಿದ್ದೇನು?” ಎಂದ. “ಅಂಗಡ್ಯಾಗಿನ ಕೆಲಸದಿಂದ ಅಲ್ಲಾ?”

“ಅಲ್ರಿ ಚಾಚಾ. ಅದೇನ್ ನನ್ನ ಕೈಯಾಗ ಇತ್ತೇನ್ರಿ?”

“ಅವತ್ತ ಮನಿಗೆ ಬಂದು ಹೇಳಿದ. ಅಬ್ಬಾ, ಅಮೋಘಿ ನನ್ನ ಕೆಲಸದಿಂದ ತಗದ ಅಂದ. ನಗಾಕತ್ತಿದ್ದ. ದುಃಖ ಮುಚ್ಚಾಕ ನಗತಾನ ಅಂದ್ಕೊಂಡೆ. ಮತ್ತ ಕೇಳಲಿಲ್ಲ.” ಮುದುಕ ಸವೆದ ಹೆಬ್ಬೆರಳನ್ನೇ ನೋಡಿಕೊಂಡ. “ರಾತ್ರಿನ ಟಿಕೋಟಾದವರಿಗೆ ಫೋನ್ ಹಚ್ಚಿ ಬೋರ್ಡಿನ ಕೆಲಸ ಹಿಡಿದು ಕೊಟ್ಟೆ. ಬೋರ್ಡಂದ್ರ ಅವ ಒಲ್ಲೆ ಅಂದವನಲ್ಲ. ಮುಂಜಾನೆ ನಾನ ಎಬ್ಬಿಸಿ ಕಳಿಸೇನಿ.”

ತಪ್ಪು ಯಾರದು ಎಂದು ಇಬ್ಬರೂ ಕೇಳಲಿಲ್ಲ. ಹನ್ನೊಂದು ವರ್ಷ ದಾದಾಸಾಬ ಅಮೋಘಿಯನ್ನು ಶಪಿಸಿದ್ದ, ಅಮೋಘಿ ತನ್ನನ್ನೇ ಶಪಿಸಿಕೊಂಡಿದ್ದ.

ದಾದಾಸಾಬ ಪರದೆಯತ್ತ ಬೆರಳು ಮಾಡಿದ. “ಈಗ ಏನ್ ಮಾಡಾಕತ್ತಾನ ಅವ?”

“ಚಿತ್ರ ಬರೀತಾನ್ರಿ. ದಣದಾನ. ಸೂಟಿ ಕೊಟ್ಟಿಲ್ಲ ನಾ.”

“ಯಾಕ?”

“ಕುರ್ಚಿ ಖಾಲಿ ಆಗತೈತ್ರಿ.”

“ಆಗಲಿ. ಕೊಡು ಬೇಟಾ.”

ಅಮೋಘಿ ಒತ್ತಿದ. ನೀಲಿ ಅಂಗಿ ಎದ್ದು ಬಾಗಿಲ ಕಡೆ ಹೋಯಿತು. ಇಬ್ಬರೂ ಆ ಕುರ್ಚಿಯನ್ನು ನೋಡುತ್ತ ಕೂತರು. ಒಂದು ನಿಮಿಷವೂ ಆಗಿರಲಿಲ್ಲ, ಅವನು ಮರಳಿ ಬಂದು ಮೊದಲಿನಂತೆ ಬೆನ್ನು ಮಾಡಿ ಕೂತ. ದಾದಾಸಾಬ ತಡೆಯಲಾರದೆ ಎದ್ದು ಹೊರಗೆ ಹೋದ. ಹೆಬ್ಬೆರಳು ಒತ್ತುವುದು ಹಾಗೇ ಉಳಿಯಿತು.

ಅಂದಿನಿಂದ ಅಮೋಘಿ ಆ ಆಟ ಆಡಿಲ್ಲ. ಅಳಿಸಲೂ ಇಲ್ಲ. ಸೋಮವಾರ ಅಂಗಡಿಗೆ ರಜೆ. ಅದಾದ ಮೊದಲ ಸೋಮವಾರ ಅವನು ಪಿಂಚಣಿಯ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಗಾಂಧಿ ಚೌಕಕ್ಕೆ ಹೋದ. ದಾದಾಸಾಬ ಏನನ್ನುತ್ತಾನೋ ಎಂಬ ಅಂಜಿಕೆ ಇತ್ತು. ಮುದುಕ ತಲೆ ಎತ್ತಿ ನೋಡಿ, ಹಲಗೆಯ ಮೇಲೆ ತುಸು ಸರಿದು ಜಾಗ ಮಾಡಿದ.

ಈಗ ಪ್ರತಿ ಸೋಮವಾರ ಹೋಗುತ್ತಾನೆ. ದಾದಾಸಾಬನಿಗೆ ಕಣ್ಣು ಮಂಜಾಗಿದೆ. ಅಮೋಘಿ ಅವನ ಪಕ್ಕ ಕೂತು ಜಿಪ್ಪಿಗೆ ಹೊಸ ರನ್ನರ್ ಪೋಣಿಸಿ ಕೊಡುತ್ತಾನೆ. ಚೌಕದ ಗದ್ದಲದಲ್ಲಿ ಇಬ್ಬರ ನಡುವೆ ಮಾತು ಕಡಿಮೆ, ಸತ್ತವನ ಹೆಸರು ಬರುವುದೇ ಇಲ್ಲ. ಅಮೋಘಿಗೆ ನಿದ್ದೆ ಸರಿಯಾಗಿ ಹತ್ತುವುದಿಲ್ಲ. ಚಾಚಾನಿಗೂ ಹತ್ತುವುದಿಲ್ಲವಂತೆ. ಅದೊಂದನ್ನು ಮಾತ್ರ ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿದ್ದಾರೆ.