ಬೆಕ್ಕು ಸಿಕ್ಕ ಮೇಲೂ ಹುಡುಕಾಟ ಏಕೆ?

ಬೆಳಗಿನ ಆರೂವರೆ. ಹುಬ್ಬಳ್ಳಿಯ ರೈಲು ಹಳಿಯಾಚೆಯ ಬೈಂಡಿಂಗ್ ಶೆಡ್ಡಿನಲ್ಲಿ ಯಾಸ್ಮಿನ ಮಕ್ಕಳ ಚಿತ್ರಪುಸ್ತಕವೊಂದನ್ನು ಬೆಳಕಿಗೆ ಹಿಡಿದು, ಬೆರಳಿಟ್ಟು ಓದುತ್ತಿದ್ದಾರೆ. ನನ್ನತ್ತಲೂ ಅದೇ ನೋಟ. "ಪೇಪರಿನವರು ಅಂತ ಕಾರ್ಡ್ ಐತೇನ್ರಿ?" ಕಾರ್ಡನ್ನು ಎರಡೂ ಬದಿ ತಿರುವಿ ನೋಡಿದ ಮೇಲೆಯೇ ಕೂರಲು ಸ್ಟೂಲು ಸಿಗುತ್ತದೆ.

ನಲವತ್ತಾರರ ಯಾಸ್ಮಿನ ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವರು. ಹತ್ತೊಂಬತ್ತು ವರ್ಷಗಳಿಂದ ಹಾಳೆ ಮಡಚಿ, ಒಂದರೊಳಗೊಂದು ಸೇರಿಸಿ ಪಿನ್ ಹೊಡೆಯುತ್ತಾರೆ. ದಿನಕ್ಕೆ ಎಂಟುನೂರು ಪುಸ್ತಕ. ಕಾಗದದ ಅಂಚಿಗೆ ಬೆರಳ ತುದಿಗಳೆಲ್ಲ ಸೀಳಿವೆ. "ಮರತ ಅಕ್ಷರ ಈ ಪುಸ್ತಕದಾಗ ಮತ್ತ ಕಲತೇನ್ರಿ."

ಕಳೆದ ಜೂನ್‌ನಲ್ಲಿ ಬಂದದ್ದು ಬೆಕ್ಕಿನ ಪುಸ್ತಕ. ಅಡಗಿದ ಬೆಕ್ಕನ್ನು ಕೋಳಿ ಹುಡುಕುವ ಆಟ; ಪುಟಕ್ಕೆ ನಾಲ್ಕೇ ಶಬ್ದ, ಪುಟಸಂಖ್ಯೆ ಇಲ್ಲ. ನೂರಾರು ಪ್ರತಿಗಳಿಗೆ ಪಿನ್ ಬಿದ್ದ ಮೇಲೆ ಯಾಸ್ಮಿನರಿಗೆ ಅನುಮಾನ ಬಂತು. ನಡುವಿನಲ್ಲೇ ಬೆಕ್ಕು ಸಿಕ್ಕಿತ್ತು. ಪುಟ ತಿರುವಿದರೆ ಕೋಳಿ ಮತ್ತೆ ಹುಡುಕುತ್ತಿತ್ತು. ಒಳಗಿರಬೇಕಾದ ಹಾಳೆಗಳು ಹೊರಗೆ, ಹೊರಗಿನವು ಒಳಗೆ ಸೇರಿದ್ದವು.

ಯಾವ ಹಾಳೆ ಯಾವುದರೊಳಗೆ ಎಂಬ ಕ್ರಮ ಹಾಕಿಕೊಟ್ಟಿದ್ದ ಮೇಲ್ವಿಚಾರಕ ಪ್ರತಾಪ ಒಪ್ಪಲಿಲ್ಲ. "ಸಣ್ಣ ಹುಡುಗರ ಪುಸ್ತಕ, ಯಾರು ನೋಡತಾರ? ಲಗೂ ಮುಗಸ್ರಿ, ಗಾಡಿ ಬರತೈತಿ." ಯಾಸ್ಮಿನ ಕೆಲಸ ತಪ್ಪಿಸುತ್ತಿದ್ದಾರೆಂದು ಅವರ ಗುಮಾನಿ. ಯಾಸ್ಮಿನ ಪುಟಗಳ ಸರಿಯಾದ ಕ್ರಮ ತೋರಿಸುವ ಮಾದರಿ ಪ್ರತಿ ಕೇಳಿದರೆ, ಕಳೆದುಹೋಗಿದೆ ಎಂಬ ಉತ್ತರ. ಯಾಸ್ಮಿನರ ಅನುಮಾನ ಹೆಚ್ಚಿತು. ನೇರವಾಗಿ ಮಾಲೀಕ ಮುರುಗೆಪ್ಪನವರ ಕೋಣೆಗೆ ಹೋಗಿ, ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು.

"ಬೆಕ್ಕು ಸಿಕ್ಕ ಮ್ಯಾಲೆ ಕೋಳಿ ಮತ್ಯಾಕ ಹುಡಕತೈತ್ರಿ, ಮಾಲಕ್ರ?"

ಮುರುಗೆಪ್ಪ ಮೊದಲು ನಕ್ಕರು. ಆಮೇಲೆ ತಾವೇ ಓದಿ ನೋಡಿ, ಪುಸ್ತಕ ಒಯ್ಯಬೇಕಿದ್ದ ಗಾಡಿಯನ್ನು ನಿಲ್ಲಿಸಿದರು. ಪಿನ್ ಕಿತ್ತು, ಎಲ್ಲವನ್ನೂ ಮತ್ತೆ ಜೋಡಿಸಲು ಎರಡು ದಿನ ಹಿಡಿಯಿತು. ಮಾದರಿ ಪ್ರತಿ ಪ್ರತಾಪರ ಡ್ರಾಯರಿನಲ್ಲೇ ಸಿಕ್ಕಿತು. "ಮುಚ್ಚಿಟ್ಟಿದ್ರೋ, ಮರತಿದ್ರೋ, ನಾ ಕೇಳಲಿಲ್ರಿ. ಈಗ ಮಾದರಿ ನನ್ನ ಕಡೇನ ಇರತೈತಿ."

ಅಷ್ಟೊಂದು ಹಟ ಏಕೆ ಎನ್ನುತ್ತೇನೆ. ಯಾಸ್ಮಿನ ಕೈಯಲ್ಲಿದ್ದ ಪುಸ್ತಕ ಮುಚ್ಚುತ್ತಾರೆ. "ಈಗಷ್ಟ ಓದಾಕ ಕಲಿಯೂ ಕೂಸು ಪುಸ್ತಕ ತಪ್ಪೈತಿ ಅನ್ನೂದಿಲ್ರಿ. ತನಗ ಓದಾಕ ಬರೂದಿಲ್ಲ ಅಂತ ತಿಳಕೋತೈತಿ. ಸಾಲಿ ಬಿಡೂ ಮುಂದ ನಾನೂ ಹಂಗ ತಿಳಕೊಂಡಿದ್ದೆ."

ಹೊರಡಲು ಏಳುತ್ತೇನೆ. ನನ್ನ ಟಿಪ್ಪಣಿ ಪುಸ್ತಕದತ್ತ ಬೆರಳು ತೋರಿಸಿ ಅವರೆನ್ನುತ್ತಾರೆ: "ಅಚ್ಚಿಗೆ ಹಾಕೂ ಮೊದಲ ತಂದು ತೋರಸ್ರಿ. ಪೂರಾ ಓದೇನ ಬಿಡಾಕಿ ನಾನು."